ಇಂಗ್ಲಿಷಿನ ಮೊದಲ ಗಡಿ ಮತ್ತು ನನ್ನ ನಾಲ್ಕಾಣೆ

ನಾನು ಓದಿದ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಕನ್ನಡ ಮಾತಾಡಿ ಸಿಕ್ಕಿಬಿದ್ದರೆ ನಾಲ್ಕಾಣೆ ದಂಡ. ಇಂಗ್ಲಿಷಿಗೆ ಈ ದರ್ಪ ಹುಟ್ಟಿನಿಂದಲೇ ಬಂದದ್ದು ಅಂದುಕೊಂಡಿದ್ದೆ. ಅದರ ಚರಿತ್ರೆ ಓದಿದಾಗ ಗೊತ್ತಾಯ್ತು, ಅದೂ ಒಂದು ಕಾಲದಲ್ಲಿ ತನ್ನ ಮನೆಯಲ್ಲೇ ಮೂಲೆಗುಂಪಾಗಿತ್ತು!

1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಆಮೇಲೆ ಬಹಳ ಕಾಲ ಅರಮನೆಯಲ್ಲಿ, ಕೋರ್ಟಿನಲ್ಲಿ ಫ್ರೆಂಚಿನದೇ ಕಾರುಬಾರು. ದಾಖಲೆಗಳಿಗೆ ಲ್ಯಾಟಿನ್. ಇಂಗ್ಲಿಷ್ ಏನಿದ್ದರೂ ಹೊಲ, ಸಂತೆ, ಹಟ್ಟಿಯ ಮಾತು. ಕೊನೆಗೆ 1362ರಲ್ಲಿ, ಮೂರನೇ ಎಡ್ವರ್ಡನ ಕಾಲದಲ್ಲಿ ಒಂದು ಕಾನೂನು ಬಂತು: ಕೋರ್ಟಿನ ವಾದ ಇಂಗ್ಲಿಷಿನಲ್ಲೇ ನಡೆಯಬೇಕು. ಯಾಕೆ? ಜನಕ್ಕೆ ಫ್ರೆಂಚ್ ಬರೋದಿಲ್ಲ, ತಮ್ಮ ಪರವಾಗಿ ಏನು ಹೇಳ್ತಿದ್ದಾರೆ, ವಿರುದ್ಧವಾಗಿ ಏನು ಹೇಳ್ತಿದ್ದಾರೆ ಅನ್ನೋದೇ ಅವರಿಗೆ ತಿಳಿಯೋದಿಲ್ಲ ಅಂತ. ಎಂಥ ನ್ಯಾಯವಾದ ಮಾತು! (ತಮಾಷೆ ಅಂದ್ರೆ, ಆ ಕಾನೂನನ್ನು ಬರೆದದ್ದು ಫ್ರೆಂಚಿನಲ್ಲಿ.)

ಮುಂದೇನಾಯ್ತು ನೋಡಿ. 1536ರಲ್ಲಿ ಎಂಟನೇ ಹೆನ್ರಿ ಪಕ್ಕದ ವೇಲ್ಸನ್ನು ಇಂಗ್ಲೆಂಡಿನ ಕಾನೂನಿನೊಳಗೆ ಸೇರಿಸಿಕೊಂಡ. ಅಲ್ಲಿ ಹೆಚ್ಚಿನವರಿಗೆ ಗೊತ್ತಿದ್ದದ್ದು ವೆಲ್ಷ್ ಮಾತ್ರ. ಆದರೂ ಕೋರ್ಟು ಇಂಗ್ಲಿಷಿನಲ್ಲೇ ನಡೆಯಬೇಕು, ಇಂಗ್ಲಿಷ್ ಬಳಸದವರಿಗೆ ಸರ್ಕಾರಿ ಹುದ್ದೆ ಇಲ್ಲ ಅಂತ ಕಟ್ಟಳೆ. ಹೆನ್ರಿಯ ಟ್ಯೂಡರ್ ಮನೆತನದ ಮೂಲವೇ ವೇಲ್ಸ್! ಇಂಗ್ಲಿಷಿನಿಂದ ತೊಂದರೆಯಾಗುವವರು ಕೋರ್ಟಿನಲ್ಲಿ ವೆಲ್ಷ್ ಮಾತಾಡಬಹುದು ಅನ್ನೋ ಕಾನೂನು ಬಂದದ್ದು 1942ರಲ್ಲಿ. 1362ರ ಅದೇ ನ್ಯಾಯ ಪಕ್ಕದ ಮನೆ ತಲುಪೋಕೆ 580 ವರ್ಷ ಹಿಡೀತು.

ಕೋರ್ಟಿನ ಕಥೆ ಇದಾದರೆ, ಶಾಲೆಯದು ಇನ್ನೊಂದು. 19ನೇ ಶತಮಾನದಲ್ಲಿ ವೇಲ್ಸಿನ ಹಲವು ಶಾಲೆಗಳಲ್ಲಿ 'ವೆಲ್ಷ್ ನಾಟ್' ಅನ್ನೋ ಮರದ ತುಂಡು ಇತ್ತು. ವೆಲ್ಷ್ ಮಾತಾಡಿದ ಮಗುವಿನ ಕೊರಳಿಗೆ ಅದು. ಇನ್ನೊಂದು ಮಗು ವೆಲ್ಷ್ ಮಾತಾಡಿದರೆ ಅದರ ಕೊರಳಿಗೆ. ಸಂಜೆ ಯಾರ ಹತ್ತಿರ ಉಳಿಯುತ್ತೋ ಅವರಿಗೆ ಏಟು. ಮಕ್ಕಳೇ ಮಕ್ಕಳ ಮೇಲೆ ಗೂಢಚಾರರು! ಆದರೆ ಇದು ಸರ್ಕಾರ ಮಾಡಿದ ಕಾನೂನಲ್ಲ. ಮೇಷ್ಟ್ರುಗಳೇ ಮಾಡಿಕೊಂಡದ್ದು. ಮಕ್ಕಳು ಇಂಗ್ಲಿಷ್ ಕಲಿತು ಮುಂದೆ ಬರಲಿ ಅಂತ ಒಪ್ಪಿಕೊಂಡ ಅಪ್ಪ-ಅಮ್ಮಂದಿರೂ ಇದ್ದರು.

ಇಲ್ಲಿಗೆ ಬಂದಾಗ ಪುಸ್ತಕ ಮುಚ್ಚಿಟ್ಟೆ. ನನ್ನ ನಾಲ್ಕಾಣೆಯನ್ನೂ ಯಾವ ಬ್ರಿಟಿಷರೂ ಕೇಳಿರಲಿಲ್ಲವಲ್ಲ... ಊಟದ ಡಬ್ಬಿ ಜೊತೆ ಆ ಚಿಲ್ಲರೆ ಕೊಟ್ಟು ಕಳಿಸುತ್ತಿದ್ದದ್ದು ನನ್ನಮ್ಮ. "ನಾಲಿಗೆ ಹಿಡಿದುಕೋ ಮಗಾ, ಇಂಗ್ಲಿಷ್ ಬಂದ್ರೆ ನೀನಾದ್ರೂ ಉದ್ಧಾರ ಆಗ್ತೀಯ" ಅನ್ನೋಳು. ಅದನ್ನ ಹೇಳ್ತಿದ್ದದ್ದು ಕನ್ನಡದಲ್ಲೇ.

ನೀವೆಷ್ಟು ದಂಡ ಕಟ್ಟಿದ್ದೀರಿ?