ಸೃಷ್ಟಿಕಥೆಗಳೂ ಮನುಷ್ಯನ ಮನಸ್ಸೂ



ಡೆವನ್ ಅವೆನ್ಯೂವಿನ ಅಂಗಡಿಗಳಿಂದ ಬೇಳೆಕಾಳುಗಳೊಡನೆ ದೇವರ ಪಟಗಳನ್ನೂ ಕೊಂಡುತರುವ ನಾವು, ಆ ದೇವರುಗಳ ಕಥೆಗಳನ್ನು ಮಕ್ಕಳಿಗೆ ಹೇಳುವಾಗ ಕೆಲವನ್ನು ಸಂಕೋಚದಿಂದ ಬಿಟ್ಟುಬಿಡುತ್ತೇವೆ. ಹಾಗೆ ಬಿಟ್ಟ ಕಥೆಯೊಂದನ್ನು ಇಂದು ವಿಚಾರಕ್ಕೆ ತೆಗೆದುಕೊಳ್ಳೋಣ.

ಇದೇ ನಗರದ ದಕ್ಷಿಣ ಭಾಗದಲ್ಲಿರುವ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಮೈಸೂರಿನ ಎ. ಕೆ. ರಾಮಾನುಜನ್ (1929–1993) ಸುಮಾರು ಮೂರು ದಶಕ ಬೋಧಿಸಿದರು. ಅವರು ಚರ್ಚಿಸಿದ ಕನ್ನಡ ಜನಪದ ಸೃಷ್ಟಿಕಥೆಯೊಂದು ಹೀಗಿದೆ. ಜನಪದರು ಅಮ್ಮನವರೆಂದು ಕರೆಯುವ ಆದಿದೇವಿ ಎಲ್ಲಕ್ಕಿಂತ ಮೊದಲು ಹುಟ್ಟಿದಳು. ಪ್ರಾಯಕ್ಕೆ ಬಂದಾಗ ಜೊತೆಗಾರನಿಲ್ಲದೆ, ಬ್ರಹ್ಮನನ್ನು ತಾನೇ ಸೃಷ್ಟಿಸಿ, ತನ್ನನ್ನು ಕೂಡೆಂದಳು. ತಾಯಿಯನ್ನು ಕೂಡಲಾರೆನೆಂದ ಅವನನ್ನು ಅಂಗೈಯ ಉರಿಗಣ್ಣಿನಿಂದ ಸುಟ್ಟಳು. ವಿಷ್ಣುವಿಗೂ ಅದೇ ಗತಿಯಾಯಿತು. ಶಿವನು ಒಪ್ಪಿದಂತೆ ನಟಿಸಿ, ಅವಳ ವಿದ್ಯೆಗಳನ್ನು ಕಲಿತು, ಕುಣಿತದಲ್ಲಿ ಅವಳನ್ನು ಸೋಲಿಸಿ ಭಸ್ಮ ಮಾಡಿದನು.

ಮಗನು ತಾಯಿಯನ್ನು ಬಯಸಿ ತಂದೆಯನ್ನು ದ್ವೇಷಿಸುತ್ತಾನೆಂಬುದು ಫ್ರಾಯ್ಡನ ಪ್ರಸಿದ್ಧ ಸಿದ್ಧಾಂತ. ನಮ್ಮ ಕಥೆಯಲ್ಲಿ ಬಯಕೆ ತಾಯಿಯದು, ಭಯ ಮಗನದು. ಭಾರತದ ಕಥೆಗಳಲ್ಲಿ ಈ ದಿಕ್ಕು ಹಲವೆಡೆ ತಿರುಗಿರುತ್ತದೆಂದು ರಾಮಾನುಜನ್ 'ಇಂಡಿಯನ್ ಈಡಿಪಸ್' ಎಂಬ ಪ್ರಬಂಧದಲ್ಲಿ ತೋರಿಸಿದರು. ಒಂದು ದೇಶದ ಕುಟುಂಬವನ್ನು ಕಂಡು ರೂಪಿಸಿದ ಅಳತೆಗೋಲು ಇನ್ನೊಂದಕ್ಕೆ ಹಾಗೆಯೇ ಒಗ್ಗದೆಂಬುದು ಇದರಿಂದ ತಿಳಿಯುತ್ತದೆ.

ಸಂಸ್ಕೃತ ಗ್ರಂಥಗಳಲ್ಲಿ ಇದೇ ಇಕ್ಕಟ್ಟು ಪುರುಷನಿಗೆ ಒದಗುತ್ತದೆ. ಐತರೇಯ ಬ್ರಾಹ್ಮಣದ ಪ್ರಜಾಪತಿ ತನ್ನ ಮಗಳನ್ನೇ ಮೋಹಿಸುತ್ತಾನೆ. ದೇವತೆಗಳು ಅವನನ್ನು ಶಿಕ್ಷಿಸುತ್ತಾರೆ. ಬೃಹದಾರಣ್ಯಕೋಪನಿಷತ್ತಿನ ಆದಿಪುರುಷನು ಒಂಟಿತನದಿಂದ ಅಂಜುತ್ತಾನೆ. ಸುಖವಿಲ್ಲದೆ ಎರಡನೆಯವರನ್ನು ಬಯಸಿ, ತನ್ನನ್ನೇ ಎರಡಾಗಿಸಿಕೊಳ್ಳುತ್ತಾನೆ. ಅವನಿಂದ ಹುಟ್ಟಿದ ಸ್ತ್ರೀಯಾದರೋ, ತನ್ನನ್ನು ಹುಟ್ಟಿಸಿದವನು ತನ್ನನ್ನು ಕೂಡುವುದು ಹೇಗೆಂದು ಯೋಚಿಸಿ, ಹಸುವಾಗಿ ಅಡಗಿಕೊಳ್ಳುತ್ತಾಳೆ. ಲೋಕದಲ್ಲಿ ಒಬ್ಬರೇ ಇರುವಾಗ, ತಮ್ಮಿಂದ ಹುಟ್ಟಿದವರ ಹೊರತು ಬೇರೆ ಯಾರು ತಾನೇ ಸಿಕ್ಕಾರು? ಏಕಾಂತದ ಭಯ, ಸಂಗದ ಬಯಕೆ, ಆ ಬಯಕೆಗೆ ಇರಬೇಕಾದ ಎಲ್ಲೆ – ಈ ಮೂರರ ತೊಡಕನ್ನೇ ಈ ಕಥೆಗಳು ಬಿಡಿಸಲೆಳಸುತ್ತವೆ.

ಇಲ್ಲಿ ಬೆಳೆದ ನಮ್ಮ ಮಕ್ಕಳು ಇಂತಹ ಕಥೆ ಕೇಳಿ "ಇದು ತಪ್ಪಲ್ಲವೇ?" ಎಂದರೆ ನಾವು ಗದರಿಸಬೇಕಾಗಿಲ್ಲ. ಆ ಪ್ರಶ್ನೆಯನ್ನು ಉಪನಿಷತ್ತಿನ ಸ್ತ್ರೀಯೇ ಕೇಳಿದ್ದಾಳೆ, ಜನಪದರ ಬ್ರಹ್ಮನೂ ಕೇಳಿದ್ದಾನೆ. ಮನಶ್ಶಾಸ್ತ್ರದ ಕಣ್ಣಿನಿಂದ ಓದಿದರೆ ಶ್ರದ್ಧೆ ಅಳಿಯುತ್ತದೆಂಬ ಅಂಜಿಕೆ ಬೇಡ. ಪೂರ್ವಿಕರು ತಮ್ಮ ಮನಸ್ಸಿನ ಕತ್ತಲೆಯನ್ನೂ ದೇವರೆದುರು ಇಟ್ಟವರೆಂಬ ಗೌರವ ಅದರಿಂದ ಹೆಚ್ಚುತ್ತದೆ.