ಸಣ್ಣ ಮನೆಗೆ ಯಾವ ರೂಟರ್ ಸಾಕು? ದುಡ್ಡು ಕೊಡುವ ಮುಂಚೆ ಇಷ್ಟು ನೋಡಿ

ತಿಂಗಳು ತಿಂಗಳು ಐನೂರು ಚಿಲ್ಲರೆ ಕಟ್ಟುತ್ತೇವೆ, ಹಾಲ್‌ನಲ್ಲಿ ನೆಟ್ ಚೆನ್ನಾಗಿದೆ, ರೂಮಿಗೆ ಹೋದರೆ ಸುತ್ತುತ್ತಾ ಇರುತ್ತೆ. ತುಮಕೂರು, ತಿಪಟೂರು, ಶಿರಾ, ಕುಣಿಗಲ್ ಯಾವ ಊರಿಗೆ ಹೋದರೂ ಬಾಡಿಗೆ ಮನೆಗಳಲ್ಲಿ ಕೇಳಿಬರುವ ಮಾತಿದು. ಬೇಸತ್ತವರು ಮೊಬೈಲ್‌ನಲ್ಲಿ ಹುಡುಕಿ, ಹೆಚ್ಚು ಆಂಟೆನಾ ಇರುವ ರೂಟರ್ ಒಂದನ್ನು ತರಿಸುತ್ತಾರೆ. ಎರಡು ಮೂರು ಸಾವಿರ ಖರ್ಚಾಗುತ್ತೆ, ಸ್ಪೀಡ್ ಮಾತ್ರ ಹಾಗೇ ಇರುತ್ತೆ.

ಒಂದು ಅಥವಾ ಎರಡು ಬೆಡ್‌ರೂಮಿನ ಮನೆಗೆ ದುಬಾರಿ ರೂಟರ್ ಬೇಕಾಗಲ್ಲ. ಎಷ್ಟೋ ಮನೆಗಳಿಗೆ ಹೊಸ ರೂಟರ್ರೇ ಬೇಕಾಗಲ್ಲ. ಯಾರಿಗೆ ಬೇಕು, ಯಾರಿಗೆ ಬೇಡ, ಬೇಕಾದರೆ ಯಾವುದು ಅಂತ ಇಲ್ಲಿ ಕ್ರಮವಾಗಿ ಕೊಟ್ಟಿದ್ದೇವೆ.

ಮೊದಲು ಮನೆಯಲ್ಲಿರುವ ಡಬ್ಬಿ ಯಾವುದು ನೋಡಿ

ನಮ್ಮ ಕಡೆ ಈಗ ಇಂಟರ್ನೆಟ್ ಮೂರು ರೀತಿಯಲ್ಲಿ ಮನೆಗೆ ಬರುತ್ತೆ.

1. ಫೈಬರ್ ನೇರವಾಗಿ ಮನೆಯೊಳಗೆ: ಬಿಎಸ್‌ಎನ್‌ಎಲ್, ಜಿಯೋ, ಏರ್‌ಟೆಲ್ ಮತ್ತು ಹೆಚ್ಚಿನ ಕೇಬಲ್ ಆಪರೇಟರ್‌ಗಳ ಪದ್ಧತಿ ಇದು. ತೆಳುವಾದ ಫೈಬರ್ ವೈರ್ ಬಂದು ಸೇರುವ ಡಬ್ಬಿಗೆ ಓಎನ್‌ಟಿ ಅಥವಾ ಓಎನ್‌ಯು ಅಂತಾರೆ. ಬೆಳಕಿನ ಸಿಗ್ನಲ್ಲನ್ನು ಇಂಟರ್ನೆಟ್ ಆಗಿ ಬದಲಾಯಿಸುವುದು ಇದರ ಕೆಲಸ. ಹೆಚ್ಚಿನ ಡಬ್ಬಿಗಳಲ್ಲಿ ವೈಫೈ ಕೂಡ ಒಳಗೇ ಇರುತ್ತೆ.

2. ಟೆರೇಸ್‌ವರೆಗೆ ಫೈಬರ್, ಅಲ್ಲಿಂದ ಲ್ಯಾನ್ ಕೇಬಲ್: ಕೆಲವು ಕಟ್ಟಡಗಳಲ್ಲಿ ಆಪರೇಟರ್ ಮೇಲೆ ಒಂದು ಸ್ವಿಚ್ ಇಟ್ಟು, ಪ್ರತಿ ಮನೆಗೂ ಲ್ಯಾನ್ ಕೇಬಲ್ ಇಳಿಸಿರುತ್ತಾರೆ. ಇಂಥ ಮನೆಗೆ ಓಎನ್‌ಟಿ ಬೇಡ. ಕೇಬಲ್ ಸೀದಾ ರೂಟರ್‌ಗೆ ಹೋಗುತ್ತೆ.

3. 5ಜಿ ಮೂಲಕ: ಫೈಬರ್ ತಲುಪದ ಬಡಾವಣೆಗಳಲ್ಲಿ ಕಂಪನಿಯವರೇ ಆಂಟೆನಾ ಮತ್ತು ರೂಟರ್ ಎರಡನ್ನೂ ಅಳವಡಿಸುತ್ತಾರೆ.

ಇದು ಗೊತ್ತಿಲ್ಲದೆ ಖರೀದಿಗೆ ಇಳಿದರೆ ತಪ್ಪು ಸಾಮಾನು ಮನೆಗೆ ಬರುತ್ತೆ. ಹಳೇ ಲ್ಯಾಂಡ್‌ಲೈನ್ ಬ್ರಾಡ್‌ಬ್ಯಾಂಡ್ ಕಾಲದ ಎಡಿಎಸ್‌ಎಲ್ ಮೋಡೆಮ್‌ಗಳು ಆನ್‌ಲೈನ್‌ನಲ್ಲಿ ಇನ್ನೂ ಸಿಗುತ್ತವೆ. ಅದರಲ್ಲಿರುವುದು ಫೋನ್ ವೈರ್ ಸಿಕ್ಕಿಸುವ ಸಣ್ಣ ಕಿಂಡಿ. ಫೈಬರ್ ಮನೆಗೆ ಅದು ಕೆಲಸಕ್ಕೆ ಬರಲ್ಲ. ಹಾಗೇ ಮಾಮೂಲಿ ರೂಟರ್‌ಗೆ ಫೈಬರ್ ವೈರ್ ಸಿಕ್ಕಿಸಲೂ ಆಗಲ್ಲ. ಫೈಬರ್ ಮನೆಯಲ್ಲಿ ಹೊಸ ರೂಟರ್ ಅಂದರೆ ಓಎನ್‌ಟಿಯನ್ನು ಇಟ್ಟುಕೊಂಡೇ, ಅದರ ಹಿಂದೆ ಜೋಡಿಸುವ ಇನ್ನೊಂದು ಡಬ್ಬಿ.

ಐದು ನಿಮಿಷದ ಪರೀಕ್ಷೆ

ತಪ್ಪು ರೂಟರ್‌ನದೋ, ಲೈನಿನದೋ ಅಂತ ತಿಳಿಯಲು ಯಾರನ್ನೂ ಕರೆಸಬೇಕಾಗಿಲ್ಲ. ಮನೆಯ ಉಳಿದ ಫೋನ್, ಟಿವಿ ಎಲ್ಲದರ ವೈಫೈ ಆಫ್ ಮಾಡಿ. ಇರುವುದರಲ್ಲಿ ಹೊಸ ಫೋನ್ ಒಂದನ್ನು ಹಿಡಿದು ಡಬ್ಬಿಯಿಂದ ಎರಡು ಮೂರು ಅಡಿ ದೂರದಲ್ಲಿ ನಿಂತು ಸ್ಪೀಡ್ ಟೆಸ್ಟ್ ಮಾಡಿ. ಅದೇ ಫೋನ್‌ನಲ್ಲಿ ರೂಮಿಗೆ ಹೋಗಿ ಇನ್ನೊಮ್ಮೆ ಮಾಡಿ. ರಾತ್ರಿ 9ರ ಹೊತ್ತಿಗೆ ಇದನ್ನೇ ಮತ್ತೊಮ್ಮೆ ಮಾಡಿ ಬರೆದಿಟ್ಟುಕೊಳ್ಳಿ.

- ಡಬ್ಬಿ ಪಕ್ಕದಲ್ಲೇ ಪ್ಲಾನಿನ ಅರ್ಧಕ್ಕಿಂತ ಕಡಿಮೆ ಬಂತೇ? ಡಬ್ಬಿ 5 ಗಿಗಾಹರ್ಟ್ಸ್ ವೈಫೈ ಕೊಡುತ್ತಿದ್ದೂ ಹೀಗಾದರೆ ತೊಂದರೆ ಬಹುಶಃ ಲೈನಿನದು. ಆಪರೇಟರ್‌ಗೆ ಹೇಳಿ.
- ಪಕ್ಕದಲ್ಲಿ ಪೂರ್ತಿ ಸ್ಪೀಡ್, ರೂಮಿನಲ್ಲಿ ಕಾಲು ಭಾಗವೇ? ತೊಂದರೆ ಜಾಗದ್ದು ಅಥವಾ ವೈಫೈನದು.
- ಬೆಳಗ್ಗೆ ಚೆನ್ನಾಗಿದ್ದು ರಾತ್ರಿ ಮಾತ್ರ ಬೀಳುತ್ತದೆಯೇ? ಆಪರೇಟರ್ ಲೈನ್ ಮೇಲೆ ಭಾರ ಹೆಚ್ಚಾಗಿರಬಹುದು, ಇಲ್ಲವೇ ಕಟ್ಟಡದ ವೈಫೈಗಳೆಲ್ಲ ಒಂದರ ಮೇಲೊಂದು ಬೀಳುತ್ತಿರಬಹುದು.

ಲೆಕ್ಕದಲ್ಲಿ ಒಂದು ವಿಷಯ ಗಮನದಲ್ಲಿರಲಿ. ಪ್ಲಾನ್ ಹೇಳುವುದು ಮೆಗಾಬಿಟ್, ಫೈಲ್ ಇಳಿಯುವಾಗ ಫೋನ್ ತೋರಿಸುವುದು ಮೆಗಾಬೈಟ್. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ 50 ಎಂಬಿಪಿಎಸ್ ಪ್ಲಾನ್‌ನಲ್ಲಿ ಸೆಕೆಂಡಿಗೆ 6 ಮೆಗಾಬೈಟ್ ಇಳಿದರೆ ಮೋಸ ಆಗಿಲ್ಲ, ಸರಿಯಾಗೇ ಬರ್ತಿದೆ.

ಖರ್ಚಿಲ್ಲದ ರಿಪೇರಿ: ಜಾಗ ಬದಲಿಸಿ

ಅಳವಡಿಸಲು ಬರುವ ಹುಡುಗರು ವೈರ್ ಎಲ್ಲಿ ಒಳಗೆ ಬರುತ್ತೋ ಅಲ್ಲೇ ಡಬ್ಬಿ ಹೊಡೆದು ಹೋಗುತ್ತಾರೆ. ಬಾಗಿಲ ಮೇಲೆ, ಸಜ್ಜಾದಲ್ಲಿ, ಮೀಟರ್ ಬೋರ್ಡ್ ಪಕ್ಕ, ಟಿವಿ ಶೋಕೇಸಿನ ಒಳಗೆ. ಮನೆಯ ಒಂದು ಮೂಲೆಯಲ್ಲಿ ಡಬ್ಬಿ ಇದ್ದರೆ ಅರ್ಧ ವೈಫೈ ರಸ್ತೆಗೆ, ಪಕ್ಕದ ಮನೆಗೆ ಹೋಗುತ್ತೆ.

ಡಬ್ಬಿ ಮನೆಯ ನಡುವೆ, ನೆಲದಿಂದ ನಾಲ್ಕೈದು ಅಡಿ ಎತ್ತರದಲ್ಲಿ, ತೆರೆದ ಜಾಗದಲ್ಲಿರಬೇಕು. ಕಬ್ಬಿಣದ ಬೀರು, ಫ್ರಿಜ್, ದೊಡ್ಡ ಕನ್ನಡಿ, ನೀರಿನ ಡ್ರಮ್, ಕಾಂಕ್ರೀಟ್ ಪಿಲ್ಲರ್ ಇವು ಸಿಗ್ನಲ್ ತಡೆಯುತ್ತವೆ. ಮೈಕ್ರೋವೇವ್ ಓವನ್ ಉರಿಯುವಾಗ 2.4 ಗಿಗಾಹರ್ಟ್ಸ್ ವೈಫೈ ಕೆಡುತ್ತೆ. ಫೈಬರ್ ವೈರನ್ನು ನೀವೇ ಎಳೆದು ಮಡಚಬೇಡಿ. ಒಳಗಿರುವುದು ಗಾಜಿನ ಎಳೆ, ಚೂಪಾಗಿ ಬಗ್ಗಿಸಿದರೆ ಸಿಗ್ನಲ್ ಹೋಗುತ್ತೆ. ಆಪರೇಟರ್ ಕಡೆಯವರನ್ನೇ ಕರೆಸಿ ಸರಿಸಿಕೊಳ್ಳಿ.

ಎರಡನೇದು, ಫೋನ್‌ನ ವೈಫೈ ಪಟ್ಟಿಯಲ್ಲಿ ನಿಮ್ಮ ಹೆಸರು ಎರಡು ಸಲ ಬರುತ್ತಿದ್ದರೆ, ಅದರಲ್ಲೊಂದಕ್ಕೆ 5ಜಿ ಅಂತ ಬಾಲ ಇದ್ದರೆ ಅದಕ್ಕೆ ಕನೆಕ್ಟ್ ಮಾಡಿ. ಇದು ಮೊಬೈಲ್‌ನ 5ಜಿ ಅಲ್ಲ, 5 ಗಿಗಾಹರ್ಟ್ಸ್ ಬ್ಯಾಂಡ್. 2.4 ದೂರ ಹೋಗುತ್ತೆ, ಆದರೆ ಎಲ್ಲರ ಮನೆಯ ವೈಫೈಯೂ ಅಲ್ಲೇ ಗುದ್ದಾಡುತ್ತಿರುತ್ತೆ. 5 ಗಿಗಾಹರ್ಟ್ಸ್ ಗೋಡೆ ದಾಟುವುದರಲ್ಲಿ ಹಿಂದೆ, ಸ್ಪೀಡಿನಲ್ಲಿ ಮುಂದೆ. ಐನೂರು ಆರುನೂರು ಚದರಡಿಯ ಮನೆಗೆ ಅದೇ ಸರಿ. ಸಿಸಿಟಿವಿ ಕ್ಯಾಮೆರಾ, ಸ್ಮಾರ್ಟ್ ಬಲ್ಬ್, ಹಳೇ ಪ್ರಿಂಟರ್‌ಗಳಲ್ಲಿ ಹೆಚ್ಚಿನವು 2.4ರಲ್ಲಿ ಮಾತ್ರ ನಡೆಯುತ್ತವೆ. ಅವನ್ನು ಅಲ್ಲೇ ಬಿಡಿ.

ಹೊಸದು ಯಾರಿಗೆ ಬೇಕು

ಮನೆಯ ಓಎನ್‌ಟಿ 2.4 ಗಿಗಾಹರ್ಟ್ಸ್ ಮಾತ್ರ ಕೊಡುವ ಹಳೇ ಡಬ್ಬಿಯಾಗಿದ್ದು, ಪ್ಲಾನ್ 50 ಎಂಬಿಪಿಎಸ್ ಅಥವಾ ಹೆಚ್ಚಿದ್ದರೆ ಬದಲಾವಣೆ ಬೇಕು. ಮೊದಲು ಆಪರೇಟರ್‌ನನ್ನು ಕೇಳಿ: "ಡ್ಯುಯಲ್ ಬ್ಯಾಂಡ್ ಡಬ್ಬಿ ಹಾಕ್ತೀರಾ?" ಕೆಲವರು ಆರು ತಿಂಗಳ ಪ್ಲಾನ್ ತಗೊಂಡರೆ ಬದಲಿಸಿ ಕೊಡುತ್ತಾರೆ. ಕೊಡಲ್ಲ ಅಂದರೆ ಆಮೇಲೆ ಅಂಗಡಿಗೆ ಹೋಗಿ.

ಓಎನ್‌ಟಿಯನ್ನೇ ಹೊರಗೆ ಕೊಳ್ಳುವುದು ಹುಷಾರಿನ ಕೆಲಸ. ಜಿಪಾನ್, ಇಪಾನ್ ಅಂತ ಎರಡು ಪದ್ಧತಿ ಇವೆ, ಒಂದರದ್ದು ಇನ್ನೊಂದಕ್ಕೆ ಹೊಂದಲ್ಲ. ಎರಡಕ್ಕೂ ಆಗುವ ಡಬ್ಬಿಗೆ ಎಕ್ಸ್‌ಪಾನ್ ಅಂತಾರೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುವ ದೊಡ್ಡ ಕಂಪನಿಯ ಡಬ್ಬಿಗಳು ಆ ಕಂಪನಿಗೇ ಲಾಕ್ ಆಗಿರಬಹುದು. ಆಪರೇಟರ್ ಒಪ್ಪಿದ ಮಾಡೆಲ್ ಬಿಟ್ಟು ಬೇರೆ ತರಬೇಡಿ.

ಬಾಕ್ಸ್ ಮೇಲೆ ಏನು ಓದಬೇಕು

ಎನ್300, ಎಸಿ1200, ಎಎಕ್ಸ್1500: ಮುಂದಿನ ಅಕ್ಷರ ವೈಫೈ ತಲೆಮಾರು. ಎನ್ ಅಂದರೆ ವೈಫೈ 4, ಎಸಿ ಅಂದರೆ ವೈಫೈ 5, ಎಎಕ್ಸ್ ಅಂದರೆ ವೈಫೈ 6. ಹಿಂದಿನ ಅಂಕಿ ಎರಡೂ ಬ್ಯಾಂಡ್‌ಗಳ ಲೆಕ್ಕದ ಸ್ಪೀಡನ್ನು ಕೂಡಿಸಿದ್ದು. ಎಸಿ1200ರಲ್ಲಿ 2.4ಕ್ಕೆ 300, 5ಕ್ಕೆ 867. ಮನೆಯಲ್ಲಿ ಇದರ ಅರ್ಧ ಸಿಕ್ಕರೆ ಹೆಚ್ಚು. ಅಷ್ಟಿದ್ದರೂ ನಮ್ಮ ಪ್ಲಾನ್‌ಗಳಿಗೆ ಧಾರಾಳ.

ಗಿಗಾಬಿಟ್ ಪೋರ್ಟ್: ಹೆಚ್ಚಿನವರು ಎಡವುವುದು ಇಲ್ಲೇ. ಬಾಕ್ಸ್ ಮೇಲೆ 1200 ಅಂತ ದೊಡ್ಡದಾಗಿ ಬರೆದಿದ್ದರೂ ಹಿಂದಿನ ಲ್ಯಾನ್ ಕಿಂಡಿ 10/100 ಇದ್ದರೆ, ಇಂಟರ್ನೆಟ್ 95 ಎಂಬಿಪಿಎಸ್ ಆಸುಪಾಸು ದಾಟಲ್ಲ. ಪ್ಲಾನ್ 100ರ ಒಳಗಿದ್ದರೆ ಚಿಂತೆಯಿಲ್ಲ. 150, 200, 300ರ ಪ್ಲಾನ್‌ಗೆ 10/100/1000 ಅಂತ ಬರೆದಿರುವುದೇ ಬೇಕು.

ಆಂಟೆನಾ ಎಣಿಸಬೇಡಿ: ನಾಲ್ಕು ಇದ್ದರೂ ಆರು ಇದ್ದರೂ, ಹೊರಸೂಸುವ ಶಕ್ತಿಗೆ ಸರ್ಕಾರದ ಮಿತಿ ಒಂದೇ.

ಯಾವ ಬಜೆಟ್‌ಗೆ ಏನು

- ₹1,000 ಆಸುಪಾಸು: ಡಿ-ಲಿಂಕ್ ಡಿಐಆರ್-615ರಂಥ ಎನ್300 ರೂಟರ್‌ಗಳು. 2.4 ಮಾತ್ರ. 30-40 ಎಂಬಿಪಿಎಸ್ ಪ್ಲಾನ್, ಒಂಟಿ ಮನೆ, ಎರಡು ಮೂರು ಫೋನ್ ಇದ್ದರೆ ನಡೆಯುತ್ತೆ. ಅಕ್ಕಪಕ್ಕ ಹತ್ತು ವೈಫೈ ಇರುವ ಕಟ್ಟಡದಲ್ಲಿ ಬೇಡ.
- ₹1,300ರಿಂದ ₹1,800: ಟಿಪಿ-ಲಿಂಕ್ ಆರ್ಚರ್ ಸಿ20, ಸಿ50ರಂಥವು. ಎರಡೂ ಬ್ಯಾಂಡ್ ಇವೆ, ಪೋರ್ಟ್ 100ರದ್ದು. 100 ಎಂಬಿಪಿಎಸ್ ಒಳಗಿನ ಪ್ಲಾನ್‌ಗೆ ಸಾಕು. ಹೆಚ್ಚಿನ ಬಾಡಿಗೆ ಮನೆಗಳು ಇಲ್ಲೇ ನಿಲ್ಲಬಹುದು.
- ₹2,000ರಿಂದ ₹2,800: ಆರ್ಚರ್ ಸಿ6, ಟೆಂಡಾ ಎಸಿ10ರಂಥ ಗಿಗಾಬಿಟ್ ಪೋರ್ಟ್ ಇರುವ ಎಸಿ1200. ಎರಡು ಬೆಡ್‌ರೂಮ್, 200ರ ಪ್ಲಾನ್, ಟಿವಿ, ಕ್ಯಾಮೆರಾ ಎಲ್ಲ ಸುಧಾರಿಸುತ್ತೆ.
- ₹3,000 ಮೇಲೆ: ವೈಫೈ 6. ಹದಿನೈದು ಇಪ್ಪತ್ತು ಸಾಧನ ಇರುವ ಮನೆಗೆ, ವರ್ಕ್ ಫ್ರಮ್ ಹೋಮ್ ಮಾಡುವವರಿಗೆ ಅರ್ಥವಿದೆ. ಫೋನ್‌ಗಳೂ ವೈಫೈ 6ರದ್ದಾಗಿದ್ದರೆ ಮಾತ್ರ ಪೂರ್ತಿ ಲಾಭ.

ಬೆಲೆ ಅಂಗಡಿಯಿಂದ ಅಂಗಡಿಗೆ ಏರುಪೇರಾಗುತ್ತೆ, ಅಂದಾಜಿಗೆ ಇಟ್ಟುಕೊಳ್ಳಿ. ಒಂದು ಎಚ್‌ಡಿ ಸಿನಿಮಾಗೆ ಸುಮಾರು 5 ಎಂಬಿಪಿಎಸ್ ಸಾಕು. ಮಕ್ಕಳ ಆನ್‌ಲೈನ್ ಕ್ಲಾಸಿಗೆ ಅದಕ್ಕಿಂತ ಕಡಿಮೆ. ನಾಲ್ಕು ಜನರ ಮನೆಗೆ 50ರ ಪ್ಲಾನ್ ಸಾಲುತ್ತಿಲ್ಲ ಅನಿಸಿದರೆ, ಪ್ಲಾನ್ ಏರಿಸುವ ಮುಂಚೆ ವೈಫೈ ನೋಡಿ.

ಮೆಶ್ ಸೆಟ್ ಸಣ್ಣ ಮನೆಗೆ ದಂಡ. ಗೋಡೆಗೆ ಸಿಕ್ಕಿಸುವ ರಿಪೀಟರ್ ಕೊನೇ ದಾರಿಯಾಗಿರಲಿ. ಕಡ್ಡಿ ಜಾಸ್ತಿ ತೋರಿಸುತ್ತೆ, ಒಂದೇ ಬ್ಯಾಂಡಿನದಾದರೆ ಸ್ಪೀಡ್ ಅರ್ಧಕ್ಕೆ ಇಳಿಯುತ್ತೆ. ಅದರ ಬದಲು ಒಂದು ಲ್ಯಾನ್ ಕೇಬಲ್ ಎಳೆಸಿ, ದೂರದ ರೂಮಿನಲ್ಲಿ ಹಳೇ ರೂಟರ್ರನ್ನೇ ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ ಇಡಿ.

ಕರೆಂಟ್ ಹೋದಾಗ

ಬೆಸ್ಕಾಂ ಕರೆಂಟ್ ತೆಗೆದರೂ ಕಂಬದ ಮೇಲಿನ ಫೈಬರ್‌ಗೆ ಕರೆಂಟ್ ಬೇಕಾಗಿಲ್ಲ. ಆಪರೇಟರ್ ಕಚೇರಿಯಲ್ಲಿ ಬ್ಯಾಕಪ್ ಇದ್ದು, ನಿಮ್ಮ ಡಬ್ಬಿಗೂ ಕರೆಂಟ್ ಸಿಕ್ಕರೆ ನೆಟ್ ನಡೆಯುತ್ತಲೇ ಇರುತ್ತೆ. ಟೆರೇಸ್ ಸ್ವಿಚ್ ಇರುವ ಕಟ್ಟಡಗಳಲ್ಲಿ ಮಾತ್ರ ಆ ಸ್ವಿಚ್ಚಿಗೂ ಬ್ಯಾಕಪ್ ಬೇಕು.

ಇನ್ವರ್ಟರ್ ಇಲ್ಲದವರು ರೂಟರ್‌ಗೆಂದೇ ಬರುವ ಮಿನಿ ಯುಪಿಎಸ್ ಇಡಬಹುದು, ಸಾವಿರದಿಂದ ಸಾವಿರದೈನೂರಕ್ಕೆ ಸಿಗುತ್ತೆ. ಕೊಳ್ಳುವ ಮುಂಚೆ ಅಡಾಪ್ಟರ್ ಮೇಲಿನ ವೋಲ್ಟ್ ಓದಿ. ಹೆಚ್ಚಿನವು 12 ವೋಲ್ಟ್, ಕೆಲವು 9, ಕೆಲವು 5. 9 ವೋಲ್ಟಿನ ರೂಟರ್‌ಗೆ 12 ಕೊಟ್ಟರೆ ಸುಟ್ಟು ಹೋಗಬಹುದು. ಓಎನ್‌ಟಿ, ರೂಟರ್ ಎರಡೂ ಇದ್ದರೆ ಎರಡಕ್ಕೂ ಬ್ಯಾಕಪ್ ಬೇಕು. ಗುಡುಗು ಮಿಂಚಿನ ಹೊತ್ತಿನಲ್ಲಿ ಅಡಾಪ್ಟರ್ ಪ್ಲಗ್ ಕಿತ್ತಿಡಿ. ಅಡಾಪ್ಟರ್ ಹಾಳಾದರೆ ಬಿಐಎಸ್ ಗುರುತು ಇರುವುದನ್ನೇ ತನ್ನಿ.

ಕೆಳಗೆ ಅಂಗಡಿ, ಮೇಲೆ ಮನೆ ಇದ್ದರೆ

ಒಂದೇ ಕನೆಕ್ಷನ್‌ನಲ್ಲಿ ಎರಡೂ ನಡೆಸುವ ಅಂಗಡಿಯವರು ಮಹಡಿಯ ಆರ್‌ಸಿಸಿ ದಾಟಿ ವೈಫೈ ಬರುತ್ತೆ ಅಂತ ನಂಬಬೇಡಿ. ಕೆಳಗಿನಿಂದ ಮೇಲಕ್ಕೆ ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಬಲ್ ಎಳೆಸಿ, ಒಂದು ಸಾಧಾರಣ ರೂಟರ್ ಮೇಲಿಡಿ. ಬಿಲ್ಲಿಂಗ್ ಕಂಪ್ಯೂಟರ್, ಸಿಸಿಟಿವಿ ಡಿವಿಆರ್ ಎರಡಕ್ಕೂ ವೈಫೈ ಬೇಡ, ಕೇಬಲ್ಲೇ ಇರಲಿ. ಹಣ ಬಂದದ್ದನ್ನು ಕೂಗಿ ಹೇಳುವ ಸೌಂಡ್‌ಬಾಕ್ಸ್‌ಗಳಲ್ಲಿ ಹೆಚ್ಚಿನವು ತಮ್ಮದೇ ಸಿಮ್‌ನಲ್ಲಿ ನಡೆಯುತ್ತವೆ. ಅದು ನಿಂತರೆ ರೂಟರ್ರನ್ನು ಬೈದು ಪ್ರಯೋಜನ ಇಲ್ಲ.

ಗಿರಾಕಿಗಳಿಗೆ ಮನೆಯ ಪಾಸ್‌ವರ್ಡ್ ಕೊಡಬೇಡಿ. ಕನೆಕ್ಷನ್ ನಿಮ್ಮ ಹೆಸರಿನಲ್ಲಿದೆ. ಅದರಲ್ಲಿ ಯಾರಾದರೂ ಮಾಡಬಾರದ್ದು ಮಾಡಿದರೆ ಪೊಲೀಸರು ಮೊದಲು ಬರುವುದು ನಿಮ್ಮ ಬಾಗಿಲಿಗೆ. ಕೊಡಲೇಬೇಕಾದರೆ ಗೆಸ್ಟ್ ನೆಟ್‌ವರ್ಕ್ ಆನ್ ಮಾಡಿ, ಪಾಸ್‌ವರ್ಡ್ ಆಗಾಗ ಬದಲಿಸಿ.

ಜೋಡಿಸುವಾಗ ಮರೆಯಬೇಡಿ

ಓಎನ್‌ಟಿಯ ಲ್ಯಾನ್ ಕಿಂಡಿಯಿಂದ ಹೊಸ ರೂಟರ್‌ನ ವ್ಯಾನ್ ಕಿಂಡಿಗೆ ಕೇಬಲ್ ಹಾಕಿ. ವ್ಯಾನ್ ಕಿಂಡಿಗೆ ಬೇರೆ ಬಣ್ಣ ಇರುವುದು ವಾಡಿಕೆ. ಓಎನ್‌ಟಿಯ ವೈಫೈ ಆಫ್ ಮಾಡಿಸಿ, ಇಲ್ಲದಿದ್ದರೆ ಫೋನ್ ಹಳೇದನ್ನೇ ಹಿಡಿದು ಕೂರುತ್ತೆ. ಲ್ಯಾಂಡ್‌ಲೈನ್ ಫೋನ್ ಓಎನ್‌ಟಿಗೆ ಜೋಡಿಸಿದ್ದರೆ ಅಲ್ಲೇ ಇರಲಿ.

ಆಪರೇಟರ್ ಕೊಟ್ಟ ಯೂಸರ್ ನೇಮ್, ಪಾಸ್‌ವರ್ಡ್ ಕೇಳಿ ಬರೆದಿಡಿ. ರೂಟರ್ ಹಿಂದಿನ ಸಣ್ಣ ತೂತಿಗೆ ಪಿನ್ನು ಚುಚ್ಚಿ ರೀಸೆಟ್ ಮಾಡಿದರೆ ಈ ವಿವರ ಅಳಿಸಿ ಹೋಗಿ, ನೆಟ್ ಪೂರ್ತಿ ನಿಲ್ಲುತ್ತೆ. ಬರೀ ಆಫ್ ಮಾಡಿ ಆನ್ ಮಾಡುವುದು ಬೇರೆ, ರೀಸೆಟ್ ಬೇರೆ.

ವೈಫೈ ಪಾಸ್‌ವರ್ಡ್ ಆಗಿ ಮೊಬೈಲ್ ನಂಬರ್ ಇಡಬೇಡಿ, ಎಲ್ಲರೂ ಮೊದಲು ಹೊಡೆದು ನೋಡುವುದು ಅದನ್ನೇ. ಸೆಟ್ಟಿಂಗ್‌ನಲ್ಲಿ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇರಲಿ. ರೂಟರ್ ಒಳಗೆ ಹೋಗುವ ಅಡ್ಮಿನ್ ಪಾಸ್‌ವರ್ಡ್ ಕೂಡ ಮೊದಲ ದಿನವೇ ಬದಲಿಸಿ.

ಬಿಲ್ ಇಲ್ಲದೆ ತರಬೇಡಿ

ಊರಿನ ಕಂಪ್ಯೂಟರ್ ಅಂಗಡಿಯಲ್ಲಿ ನೂರಿನ್ನೂರು ಹೆಚ್ಚಾದರೂ, ಕೆಟ್ಟಾಗ ಹೋಗಿ ನಿಲ್ಲಲು ಒಂದು ಬಾಗಿಲು ಇರುತ್ತೆ. ಹೆಸರುವಾಸಿ ಕಂಪನಿಗಳ ಹಲವು ಮಾಡೆಲ್‌ಗೆ 3 ವರ್ಷ ವಾರಂಟಿ ಇದೆ, ಕೆಲವಕ್ಕೆ 1 ವರ್ಷ. ಜಿಎಸ್‌ಟಿ ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸಿಕೊಳ್ಳಿ.

ಆಪರೇಟರ್ ಡಬ್ಬಿಗೆ ಡೆಪಾಸಿಟ್ ತೆಗೆದುಕೊಂಡಿದ್ದರೆ ರಸೀದಿ ಕೇಳಿ. ಮನೆ ಖಾಲಿ ಮಾಡುವಾಗ ಡಬ್ಬಿ ವಾಪಸ್ ಕೊಟ್ಟದ್ದಕ್ಕೂ ಬರವಣಿಗೆಯಲ್ಲಿ ಸಹಿ ಪಡೆಯಿರಿ. ಆಪರೇಟರ್ ಬಳಿ ದೂರು ಕೊಟ್ಟಾಗ ದೂರಿನ ನಂಬರ್ ಕೇಳಿ ಬರೆದಿಡಿ. ಅಲ್ಲಿ ಬಗೆಹರಿಯದಿದ್ದರೆ ಮೇಲ್ಮನವಿಗೆ ಆ ನಂಬರೇ ಆಧಾರ. ಅಂಗಡಿ ಅಥವಾ ಆನ್‌ಲೈನ್ ಖರೀದಿಯಲ್ಲಿ ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಅಂಗಡಿಗೆ ಹೋಗುವ ಮುಂಚೆ ಚೀಟಿಯಲ್ಲಿ ಬರೆದುಕೊಳ್ಳಿ

1. ನನ್ನ ಪ್ಲಾನ್ ಎಷ್ಟು ಎಂಬಿಪಿಎಸ್?
2. ಮನೆಗೆ ಬರುವುದು ಫೈಬರ್ರೋ, ಲ್ಯಾನ್ ಕೇಬಲ್ಲೋ?
3. ಡಬ್ಬಿ ಪಕ್ಕ ಎಷ್ಟು ಸ್ಪೀಡ್, ರೂಮಿನಲ್ಲಿ ಎಷ್ಟು?
4. ಡಬ್ಬಿಯ ಜಾಗ ಬದಲಿಸಿ ನೋಡಿದೆನಾ?
5. ಆಪರೇಟರ್ ಡ್ಯುಯಲ್ ಬ್ಯಾಂಡ್ ಡಬ್ಬಿ ಕೊಡುತ್ತಾನಾ?

ಈ ಐದಕ್ಕೂ ಉತ್ತರ ಇಟ್ಟುಕೊಂಡು ಹೋದರೆ ಅಂಗಡಿಯವರಿಗೂ ಸರಿಯಾದದ್ದನ್ನು ಕೊಡಲು ಸುಲಭ. ನಾಲ್ಕನೇ ಪ್ರಶ್ನೆಯಲ್ಲೇ ಕೆಲಸ ಮುಗಿದರೆ ಅಂಗಡಿಗೆ ಹೋಗುವುದೇ ಬೇಡ, ಆ ದುಡ್ಡು ಮುಂದಿನ ಮೂರು ನಾಲ್ಕು ತಿಂಗಳ ನೆಟ್ ಬಿಲ್ಲಿಗೆ ಆಗುತ್ತೆ.