ಎರೆಮಣ್ಣಿನ ಜರಿ: ನಮ್ಮ ಹೊಲದ ಲೆಕ್ಕಕ್ಕೇ ಬರದ ಬೇಟೆಗಾರ

ನರಗುಂದ ಅಂದ ಕೂಡಲೇ ನೆನಪಾಗೋದು 1980ರ ಜುಲೈ 21ರ ರೈತ ಬಂಡಾಯ, ಆಮೇಲೆ ಮಹದಾಯಿ ಹೋರಾಟ. ರೋಣ, ಗಜೇಂದ್ರಗಡದ ಮಾತೂ ನೀರು, ಬೆಳೆವಿಮೆ, ಕಡಲೆಯ ಬೆಲೆಯ ಸುತ್ತಲೇ ತಿರುಗುತ್ತದೆ. ಅದೆಲ್ಲ ನ್ಯಾಯವಾದ ಮಾತೇ. ಆದರೆ ಆ ನೀರು ಹೋಗಿ ಸೇರುವ ಮಣ್ಣಿನೊಳಗೆ ಯಾರ್‍ಯಾರು ಇದ್ದಾರೆ ಅಂತ ನಾವು ಕೇಳಿದ್ದು ಕಡಿಮೆ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡ್ ತೆಗೆದು ನೋಡಿ. ಸಾರಜನಕ, ರಂಜಕ, ಪೊಟ್ಯಾಷ್, ಸತು, ಬೋರಾನ್ ಅಂತ 12 ಅಂಶಗಳಿವೆ. ಸಾವಯವ ಇಂಗಾಲ ಬಿಟ್ಟರೆ ಜೀವದ ಸುಳಿವೇ ಇಲ್ಲ. ಒಂದು ಹುಳಕ್ಕೂ ಅಲ್ಲಿ ಜಾಗವಿಲ್ಲ.

ಹಾಗಾಗಿ ಇವತ್ತು ಒಂದೇ ಪ್ರಾಣಿಯ ಪರಿಚಯ: ಮಣ್ಣಿನ ಜರಿ.

ಯಾವ ಜರಿ?

ನಾವು ಎಲ್ಲವನ್ನೂ ‘ಜರಿ’ ಅಂತ ಕರೆದು ಚಪ್ಪಲಿ ಎತ್ತುತ್ತೇವೆ. ವಿಜ್ಞಾನದಲ್ಲಿ ಶತಪದಿಗಳ ವರ್ಗದ ಹೆಸರು ಕೈಲೊಪೊಡಾ. ಅದರಲ್ಲಿ ಈಗ ಬದುಕಿರುವ ಗಣಗಳು ಐದು. ಬಚ್ಚಲು ಗೋಡೆಯ ಮೇಲೆ ಉದ್ದ ಕಾಲಲ್ಲಿ ಓಡುವ ಸ್ಕ್ಯೂಟಿಜೆರೊಮಾರ್ಫಾ, ಕಲ್ಲಿನ ಕೆಳಗಿನ ಲಿಥೋಬಿಯೊಮಾರ್ಫಾ, ಟಾಸ್ಮೇನಿಯಾ ಮತ್ತು ನ್ಯೂಜಿಲೆಂಡಿನಲ್ಲಷ್ಟೇ ಇರುವ ಕ್ರಾಟೆರೊಸ್ಟಿಗ್ಮೊಮಾರ್ಫಾ: ಬೆಳೆದ ಮೇಲೆ ಈ ಮೂರಕ್ಕೂ 15 ಜೊತೆ ಕಾಲು. ಕಚ್ಚಿದರೆ ಉರಿಯುವ ದಪ್ಪ ಜರಿ ಸ್ಕೊಲೊಪೆಂಡ್ರೊಮಾರ್ಫಾ ಗಣದ್ದು. ಅದಕ್ಕೆ ಸಾಮಾನ್ಯವಾಗಿ 21 ಅಥವಾ 23 ಜೊತೆ. ಐದನೆಯದು ಜಿಯೊಫಿಲೊಮಾರ್ಫಾ, ಅಂದರೆ ಮಣ್ಣಿನ ಜರಿ. ಇದಕ್ಕೆ 27ರಿಂದ 191 ಜೊತೆ. ಜಿಯೊಫಿಲಸ್ ಅಂದರೆ ಭೂಮಿಯನ್ನು ಪ್ರೀತಿಸುವಂಥದ್ದು ಅಂತ ಅರ್ಥ.

ನೋಡಲು ತೆಳ್ಳಗೆ, ಹಳದಿ ಅಥವಾ ಕಂದು ದಾರದ ಹಾಗೆ. ಎರೆಹುಳು ಅಂದುಕೊಳ್ಳೋದು ಸುಲಭ, ಹತ್ತಿರದಿಂದ ನೋಡಿದರೆ ಕಾಲು ಕಾಣುತ್ತವೆ. ಒಂದು ಖಂಡಕ್ಕೆ ಒಂದೇ ಜೊತೆ ಕಾಲು. ಹೆಚ್ಚಿನ ಖಂಡಗಳಲ್ಲಿ ಎರಡೆರಡು ಜೊತೆ ಕಂಡರೆ ಅದು ಸಹಸ್ರಪದಿ, ಕೊಳೆತ ಎಲೆ ತಿನ್ನುವ ಬೇರೆಯದೇ ವರ್ಗ.

ಒಡಲಿನ ರಚನೆ

ಮಣ್ಣಿನ ಜರಿಗೆ ಕಣ್ಣಿಲ್ಲ. ಯುರೋಪಿನ ಕಡಲತೀರದ ಸ್ಟ್ರಿಗಾಮಿಯಾ ಮರಿಟಿಮಾ ಎಂಬ ಪ್ರಭೇದದ ಜೀನೋಮ್ 2014ರಲ್ಲಿ ಪ್ರಕಟವಾಯಿತು. ಬೆಳಕು ಗ್ರಹಿಸುವ ಪರಿಚಿತ ಜೀನ್‌ಗಳೂ, ಹಗಲು-ರಾತ್ರಿಯ ಗಡಿಯಾರ ನಡೆಸುವ ಜೀನ್‌ಗಳೂ ಅದರಲ್ಲಿ ಸಿಗಲಿಲ್ಲ. ಕತ್ತಲಲ್ಲೇ ಬದುಕುವವರಿಗೆ ಅವು ಬೇಕಾಗಿಲ್ಲ. ಬದಲಿಗೆ 14 ಗಿಣ್ಣಿನ ಎರಡು ಮೀಸೆಗಳು ಮುಂದಿನ ದಾರಿ ತಡವಿ ನೋಡುತ್ತವೆ. ಕಟ್ಟಕಡೆಯ ಜೊತೆ ಕಾಲು ನಡಿಗೆಗಲ್ಲ, ಅದೂ ಹೆಚ್ಚಾಗಿ ಸ್ಪರ್ಶಕ್ಕೇ.

ತಲೆಯ ಹಿಂದಿನ ಮೊದಲ ಜೊತೆ ಕಾಲು ವಿಷದುಗುರಾಗಿ ಮಾರ್ಪಟ್ಟಿದೆ. ಅಂದರೆ ಜರಿ ಕಚ್ಚೋದು ಬಾಯಿಂದಲ್ಲ, ಕಾಲಿಂದ. ಮೆತ್ತನೆಯ ಹುಳ, ಲಾರ್ವಾ, ಸಣ್ಣ ಎರೆಹುಳು ಇದರ ಊಟ. ಮನುಷ್ಯರಿಗೆ ಅಪಾಯ ತೀರಾ ಕಡಿಮೆ. ಅನೇಕ ಪ್ರಭೇದಗಳ ಹೊಟ್ಟೆಯ ಕಡೆ ಸಣ್ಣ ರಂಧ್ರಗಳಿವೆ; ಹೆದರಿದಾಗ ಅಲ್ಲಿಂದ ಅಂಟುದ್ರವ ಬರುತ್ತದೆ. ಉಷ್ಣವಲಯದ ಆರ್ಫ್‌ನಿಯಸ್ ಕುಲದಲ್ಲಿ ಆ ದ್ರವ ಕತ್ತಲಲ್ಲಿ ಹೊಳೆಯುತ್ತದೆ.

ಮೊಟ್ಟೆಯ ಸುತ್ತ ತಾಯಿ ಸುರುಳಿಯಾಗಿ ಮಲಗಿ ಕಾಯುತ್ತದೆ. ಮರಿ ಹೊರಬರುವಾಗಲೇ ಖಂಡಗಳೆಲ್ಲ ಪೂರ್ತಿ. ಆಮೇಲೆ ಉದ್ದ ಆಗುತ್ತದೆ, ಕಾಲು ಹೆಚ್ಚಾಗಲ್ಲ.

ನೂರು ಕಾಲಿಲ್ಲದ ಶತಪದಿ

ಎಂಜಿನಿಯರಿಂಗ್ ಓದಿದ ನನಗೆ ಬಹಳ ಹಿಡಿಸಿದ ಸಂಗತಿ ಇದು. ಕಾಲಿನ ಜೊತೆಗಳ ಸಂಖ್ಯೆ ಯಾವಾಗಲೂ ಬೆಸ: 41, 49, 57 ಹೀಗೆ. ನೂರು ಕಾಲು ಬೇಕಾದರೆ 50 ಜೊತೆ ಇರಬೇಕು, ಅದು ಸಮಸಂಖ್ಯೆ. ಹಾಗಾಗಿ ‘ಶತಪದಿ’ಗೆ ಸರಿಯಾಗಿ ನೂರು ಕಾಲು ಇರಲ್ಲ! ಕಾರಣ ಭ್ರೂಣದಲ್ಲಿದೆ. ಸ್ಟ್ರಿಗಾಮಿಯಾದಲ್ಲಿ ಖಂಡಗಳ ನಕ್ಷೆ ಬಹುಪಾಲು ಎರಡೆರಡಾಗಿ ಮೂಡುತ್ತದೆ ಅಂತ ಸಂಶೋಧಕರು ತೋರಿಸಿದ್ದಾರೆ. ಎರಡೆರಡಾಗಿ ಕೂಡಿಸುತ್ತ ಹೋದರೆ ಬೆಸ ಸಂಖ್ಯೆ ಬೆಸವಾಗಿಯೇ ಉಳಿಯುತ್ತದೆ.

ವರ್ಗೀಕರಣಕ್ಕೂ ಈ ಎಣಿಕೆ ಬೇಕು. ಗಣದಲ್ಲಿ ಎರಡು ಉಪಗಣಗಳಿವೆ. ಪ್ಲಾಕೊಡೆಸ್ಮಾಟಾದಲ್ಲಿ ಮೆಸಿಸ್ಟೊಸೆಫಾಲಿಡೆ ಎಂಬ ಒಂದೇ ಕುಟುಂಬ. ಗಾಢ ಕೆಂಗಂದು ತಲೆ, ಮಸುಕು ಮೈ. ಹೆಚ್ಚಿನ ಪ್ರಭೇದಗಳಲ್ಲಿ ಕಾಲಿನ ಸಂಖ್ಯೆ ಖಾಯಂ. ಇದರ ಮೆಸಿಸ್ಟೊಸೆಫಾಲಸ್ ಕುಲ ಭಾರತದಲ್ಲೂ ಇದೆ. ಉಳಿದ ಕುಟುಂಬಗಳೆಲ್ಲ ಅಡೆಸ್ಮಾಟಾ. ಅಲ್ಲಿ ಒಂದೇ ಪ್ರಭೇದದೊಳಗೂ ಸಂಖ್ಯೆ ಬದಲಾಗುತ್ತದೆ, ಸಾಮಾನ್ಯವಾಗಿ ಹೆಣ್ಣಿಗೆ ಗಂಡಿಗಿಂತ ಹೆಚ್ಚು ಕಾಲು.

ಎರಿ, ಮಸಾರಿ ಮತ್ತು ಬಿರುಕು

ರೋಣ-ನರಗುಂದದ ಎರಿ ಹೊಲ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಆ ಜೇಡಿ ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗುತ್ತದೆ. ಗಜೇಂದ್ರಗಡದ ಗುಡ್ಡದ ಕಡೆಯ ಮಸಾರಿ ಹಾಗೆ ಬಿರಿಯಲ್ಲ. ಶತಪದಿಯ ಚರ್ಮ ನೀರನ್ನು ಚೆನ್ನಾಗಿ ಹಿಡಿದಿಡಲ್ಲ, ಒಣ ಜಾಗದಲ್ಲಿ ಬೇಗ ಸಾಯುತ್ತದೆ. ತೇವ ಎಲ್ಲಿದೆಯೋ ಅಲ್ಲಿಗೆ ಹೋಗಬೇಕು. ಅದಕ್ಕೇ ಆ ಉದ್ದ ಮೈ: ಎರೆಹುಳುವಿನ ಹಾಗೆ ಕುಗ್ಗಿ ಹಿಗ್ಗಿ ಮಣ್ಣನ್ನು ಸರಿಸಿಕೊಂಡು ಹೋಗುತ್ತದೆ. ಬಿರುಕು, ಬೇರು ಕೊಳೆತ ದಾರಿ, ಎರೆಹುಳುವಿನ ಬಿಲ ಇವೆಲ್ಲ ಇಂಥ ಜೀವಿಗಳ ರಸ್ತೆಗಳು. ಹುಳದ ಮೇಲೆ ಬದುಕುವ ಬೇಟೆಗಾರ ಉಳಿಯಬೇಕಾದರೆ ಹುಳ ಇರಬೇಕು, ಹುಳಕ್ಕೆ ಕಸಕಡ್ಡಿ, ಗೊಬ್ಬರ ಬೇಕು. ಕೊಯ್ಲಾದ ಮೇಲೆ ಕೂಳೆ ಸುಟ್ಟು, ಮೇಲೆ ಕೀಟನಾಶಕ ಸುರಿದರೆ ಈ ಸರಪಳಿಯೇ ಕಡಿಯುತ್ತದೆ.

ಎಣಿಸೋದು ಯಾರು?

ಹೈದರಾಬಾದಿನ ಸಿಸಿಎಂಬಿಯ ಜಾಹ್ನವಿ ಜೋಶಿಯಂಥವರು ದಕ್ಷಿಣ ಭಾರತದ ಶತಪದಿಗಳ ಬಗ್ಗೆ ಒಳ್ಳೆಯ ಕೆಲಸ ಮಾಡಿದ್ದಾರೆ. ಅದರಲ್ಲಿ ಹೆಚ್ಚು ಪಾಲು ಸ್ಕೊಲೊಪೆಂಡ್ರ ಬಳಗದ ದಪ್ಪ ಜರಿಗಳದ್ದು, ಕಾಡಿನ ಕಡೆಯದ್ದು. ಬಯಲುಸೀಮೆಯ ಹೊಲವನ್ನು ನಾವೇ ನೋಡಬೇಕು.

ಅದಕ್ಕೆ ಕಾನೂನಿನಲ್ಲೇ ದಾರಿಯಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯ್ತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಜನತಾ ಜೀವವೈವಿಧ್ಯ ದಾಖಲಾತಿ ತಯಾರಿಸೋದು ಅದರ ಕೆಲಸ. ನಿಮ್ಮ ಪಂಚಾಯ್ತಿಗೆ ಹೋಗಿ ಆ ಪುಸ್ತಕ ಕೇಳಿ. ಇದ್ದರೆ ಅದರಲ್ಲಿ ಮಣ್ಣಿನ ಜೀವಿಗಳ ಪುಟ ಹುಡುಕಿ, ಇಲ್ಲದಿದ್ದರೆ ಯಾಕಿಲ್ಲ ಅಂತ ಗ್ರಾಮಸಭೆಯಲ್ಲಿ ಎದ್ದು ಕೇಳಿ. ಮಳೆ ಬಿದ್ದ ಮರುದಿನ ಬದುವಿನ ಕಲ್ಲು ಎತ್ತಿ, ಸಿಕ್ಕಿದ್ದರ ಫೋಟೊ ತೆಗೆಯಿರಿ, ಕಾಲು ಎಣಿಸಿ, ಕಲ್ಲನ್ನು ಇದ್ದ ಹಾಗೆ ಇಡಿ. ಮಣ್ಣಿಗಾಗಿ ಹೋರಾಡಿದ ಊರುಗಳು ಆ ಮಣ್ಣಿನ ನಿವಾಸಿಗಳ ಪಟ್ಟಿಯನ್ನೂ ಕೈಯಲ್ಲಿ ಹಿಡಿದುಕೊಂಡರೆ ನಾಳೆ ನೀರಿನ ಬಗ್ಗೆ, ಗೊಬ್ಬರದ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಇನ್ನಷ್ಟು ತೂಕ ಬರುತ್ತದೆ.